ನೀಲಿ ಜೋಡಿಯ ಕೆಂಪು ಮರಿ

ಚಾಮರಾಜಪೇಟೆ, ಬೆಂಗಳೂರು
12 ಜೂನ್ 2024

ಮರಿಯಣ್ಣನವರಿಗೆ ನಮಸ್ಕಾರ.

ನಾನು ಶಿವರಂಜಿನಿ, ನಾಲ್ಕನೇ ಕ್ರಾಸಿನ ಚಿದಂಬರ ಅವರ ಮಗಳು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನೀವು ಭಾನುವಾರ ತಪ್ಪದೆ ನಮ್ಮ ತಾರಸಿಗೆ ಬರುತ್ತಿದ್ದಿರಿ. ನಿಮ್ಮ ಬಲಗೈಯ ಮೇಲೆ ಒಂದು ಪಾರಿವಾಳ ಸದಾ ಕೂತಿರುತ್ತಿತ್ತು ಎಂದು ನನಗೆ ನೆನಪು.

ಅಪ್ಪ ಏಪ್ರಿಲ್‌ನಲ್ಲಿ ಲಿಂಗೈಕ್ಯರಾದರು. ನಗರ್ತಪೇಟೆಯ ಅಂಗಡಿಯಲ್ಲಿ ಗುಂಡಿಯ ಡಬ್ಬಿ ಇಳಿಸುತ್ತಿದ್ದಾಗಲೇ ಎದೆ ಹಿಡಿದುಕೊಂಡರಂತೆ. ಆಸ್ಪತ್ರೆ ಮುಟ್ಟಲಿಲ್ಲ. ನಿಮಗೆ ತಿಳಿಸಿದ್ದಾರೆ ಎಂದುಕೊಂಡಿದ್ದೆ. ಯಾರೂ ತಿಳಿಸಿಲ್ಲ ಎಂದು ಮೊನ್ನೆ ಗೊತ್ತಾಯಿತು.

ಈಗ ಗುಂಡಿ, ಲೇಸಿನ ಅಂಗಡಿ ನನ್ನ ಪಾಲಿಗೆ ಬಂದಿದೆ. ಜೊತೆಗೆ ತಾರಸಿಯ ಇಪ್ಪತ್ತೆರಡು ಪಂದ್ಯದ ಪಾರಿವಾಳಗಳೂ ಬಂದಿವೆ. ಕೊಟ್ಟುಬಿಡು ಎನ್ನುತ್ತಾರೆ ಅಮ್ಮ. ಹಪ್ಪಳ ಒಣಗಿಸಲು ಜಾಗವಿಲ್ಲ ಎಂಬುದು ಅವರ ಮೂವತ್ತು ವರ್ಷದ ದೂರು. ನನಗೆ ಮಾತ್ರ ಕೊಡಲು ಮನಸ್ಸಿಲ್ಲ. ಯಾವ ಗಂಡಿಗೆ ಯಾವ ಹೆಣ್ಣನ್ನು ಜೋಡಿ ಮಾಡಿದರೆ ಎಂಥ ಮರಿ ಬರುತ್ತದೆ ಎಂದು ಅಪ್ಪ ವರ್ಷವರ್ಷವೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಓದುತ್ತಾ ಕೂತರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಗೂಡಿನಲ್ಲಿ ಒಂದು ಮುದಿ ಕೆಂಪು ಹೆಣ್ಣಿದೆ. ಅಮ್ಮ ಅದನ್ನು ಕೆಂಪಮ್ಮ ಎನ್ನುತ್ತಾರೆ. ಅದರ ಪುಟದಲ್ಲಿ ಅಪ್ಪ ಬರೆದಿರುವುದು ಇಷ್ಟೇ: ‘2012. ಮರಿಯಣ್ಣನ ಮೊಟ್ಟೆ. ನೀಲಿ ಜೋಡಿಯದಂತೆ.’ ತಂದೆ ತಾಯಿ ಎರಡೂ ನೀಲಿಯಾದರೆ ಕೆಂಪು ಮರಿ ಹೇಗೆ ಬಂತು? ಆ ಜೋಡಿಯ ವಿವರ ತಿಳಿಸಿದರೆ ಮುಂದಿನ ತಳಿಗೆ ಅನುಕೂಲ. ನಿಮಗೆ ಈಗ ಕಿವಿ ಕೇಳಿಸುವುದಿಲ್ಲ, ಫೋನು ಪ್ರಯೋಜನವಿಲ್ಲ, ಕಾಗದ ಬರೆಯಿರಿ ಎಂದು ಪಾರಿವಾಳ ಪಂದ್ಯದ ಸಂಘದ ಕಾರ್ಯದರ್ಶಿ ಲೋಹಿತ್ ಈ ವಿಳಾಸ ಕೊಟ್ಟರು.

ಇಂತಿ,
ಶಿವರಂಜಿನಿ


ಕೌಲ್ ಬಜಾರ್, ಬಳ್ಳಾರಿ
21 ಜೂನ್ 2024

ಕುಮಾರಿ ಶಿವರಂಜಿನಿಯವರಿಗೆ,

ನಿಮ್ಮ ತಂದೆಯವರ ಸುದ್ದಿ ಓದಿ ದುಃಖವಾಯಿತು. ತಾಯಿಯವರಿಗೆ ತಿಳಿಸಿ.

ಆ ಮೊಟ್ಟೆಗಳ ಬಗ್ಗೆ ಹೇಳಬೇಕಾದ್ದನ್ನು ಹನ್ನೆರಡು ವರ್ಷದ ಹಿಂದೆಯೇ ಸಂಘದ ಮುಂದೆ ನಿಂತು ಹೇಳಿದ್ದೇನೆ. ಆಗ ತಂದೆ ಕೇಳಿದ ಪ್ರಶ್ನೆಯನ್ನೇ ಈಗ ಮಗಳು ಕೇಳುತ್ತಿದ್ದೀರಿ. ನನ್ನ ಉತ್ತರ ಬದಲಾಗಿಲ್ಲ. ಇನ್ನು ಈ ವಿಷಯಕ್ಕೆ ಬರೆಯಬೇಡಿ.

ಮಳೆಗಾಲ ಶುರುವಾಗಿದೆ. ಕಾಳಿನಲ್ಲಿ ತೇವ ಇರಬಾರದು. ಜೋಳವನ್ನು ಬಿಸಿಲು ಕಂಡ ದಿನವೆಲ್ಲ ಹರವಿ.

ಮರಿಯಣ್ಣ


ಚಾಮರಾಜಪೇಟೆ
7 ಜುಲೈ 2024

ಮರಿಯಣ್ಣ ಮಾಮ,

ಬರೆಯಬೇಡಿ ಎಂದಿದ್ದಿರಿ. ಆದರೂ ಬರೆಯುತ್ತಿದ್ದೇನೆ. ಕೋಪ ಮಾಡಿಕೊಳ್ಳಬೇಡಿ. 2012ರಲ್ಲಿ ನಾನು ಮೈಸೂರಿನ ಹಾಸ್ಟೆಲ್ಲಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಮನೆಯಲ್ಲಿ ಏನಾಯಿತೆಂದು ನನಗೆ ಯಾರೂ ಹೇಳಲಿಲ್ಲ. ನಿಮ್ಮ ಕಾಗದ ಹಿಡಿದುಕೊಂಡು ಅಮ್ಮನ ಮುಂದೆ ಕೂತೆ.

“ಮರಿಯಣ್ಣ ಮಾಮ ಯಾಕಮ್ಮ ಬರೋದು ಬಿಟ್ರು?”

“ಹಳೇ ಸುದ್ದಿ, ಬಿಡು. ನಿಮ್ಮಪ್ಪಂಗೆ ಸಿಟ್ಟು ಬಂದ್ರೆ ಎದುರಿಗಿರೋರು ಯಾರು ಅಂತ ಕಾಣ್ತಿರ್ಲಿಲ್ಲ.”

“ಏನಾಯ್ತು ಹೇಳಮ್ಮ.”

ಕೊನೆಗೆ ಹೇಳಿದರು. ನಿಮ್ಮ ಹೆಸರಾಂತ ನೀಲಿ ಜೋಡಿಯ ಎರಡು ಮೊಟ್ಟೆಯನ್ನು ನೀವು ಅಪ್ಪನಿಗೆ ಕೊಟ್ಟಿರಿ. ಒಂದು ಒಡೆಯಲೇ ಇಲ್ಲ, ಇನ್ನೊಂದರಿಂದ ಕೆಂಪು ಮರಿ ಬಂತು. ನೀಲಿ ಜೋಡಿಗೆ ಕೆಂಪು ಹುಟ್ಟುವುದೇ ಇಲ್ಲ, ಮರಿಯಣ್ಣ ಯಾವುದೋ ಬೀದಿ ಹಕ್ಕಿಯ ಮೊಟ್ಟೆ ಕೊಟ್ಟು ಮೋಸ ಮಾಡಿದ್ದಾನೆ ಎಂದು ಅಪ್ಪ ಸಂಘಕ್ಕೆ ದೂರು ಕೊಟ್ಟರು. ಸಂಘ ನಿಮ್ಮನ್ನು ಹೊರಗೆ ಹಾಕಿತು. ಪಂದ್ಯದ ಹಕ್ಕಿ ಒಯ್ಯುವ ಲಾರಿಯ ಕೆಲಸವೂ ಹೋಯಿತು.

ಮಾಮ, ನನ್ನ ಮೊದಲ ಕಾಗದ ನಿಮಗೆ ಹೇಗೆ ತಾಗಿರಬೇಕು ಎಂದು ಈಗ ಅರ್ಥವಾಗುತ್ತಿದೆ. ನಾನು ತಿಳಿಯದೆ ಕೇಳಿದ್ದೆ.

ಈಗ ತಿಳಿದು ಹೇಳುತ್ತಿದ್ದೇನೆ. ಅಪ್ಪ ತಪ್ಪು ಮಾಡಿದರು ಎಂದು ನನಗೆ ಅನ್ನಿಸುತ್ತಿದೆ. ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಓದಿದೆ. ಪಾರಿವಾಳದಲ್ಲಿ ಕೆಂಪು ಎರಡು ತರ. ಒಂದು ಬೂದಿಗೆಂಪು. ಅದರ ಬಾಲ ಬೂದಿ ಬಳಿದಂತೆ ಬಿಳಿಚಿರುತ್ತದೆ. ಅದು ಅಡಗಿ ಕೂರುವ ಬಣ್ಣವಲ್ಲ, ಮರಿಯಲ್ಲಿ ಬರಬೇಕಾದರೆ ತಂದೆ ತಾಯಿಯಲ್ಲಿ ಒಂದಾದರೂ ಕೆಂಪಿರಬೇಕು. ಅಪ್ಪನಿಗೆ ಗೊತ್ತಿದ್ದದ್ದು ಇದೊಂದೇ. ಇನ್ನೊಂದು ಅಪ್ಪಟ ಕೆಂಪು, ಬಾಲದ ತುದಿಯವರೆಗೂ ಇಟ್ಟಿಗೆಯ ಬಣ್ಣ. ಮರಿಗೆ ಬಣ್ಣದ ಎರಡು ಪಾಲು ಬರುತ್ತವೆ, ತಂದೆಯದೊಂದು, ತಾಯಿಯದೊಂದು. ಈ ಅಪ್ಪಟ ಕೆಂಪಿನ ಒಂದೇ ಪಾಲು ಬಂದರೆ ಅದು ನೀಲಿಯ ಹಿಂದೆ ಅಡಗಿ ಕೂರುತ್ತದೆ. ಎಷ್ಟು ತಲೆಮಾರು ಬೇಕಾದರೂ ಕೂರುತ್ತದೆ. ಅಡಗಿಸಿಕೊಂಡ ಎರಡು ನೀಲಿ ಹಕ್ಕಿ ಜೋಡಿಯಾದರೆ, ನಾಲ್ಕು ಮರಿಗೆ ಒಂದರ ಲೆಕ್ಕದಲ್ಲಿ ಕೆಂಪು ಹೊರಗೆ ಬರುತ್ತದೆ.

ಓದಿದವಳೇ ತಾರಸಿಗೆ ಓಡಿ ಕೆಂಪಮ್ಮನ ಬಾಲ ಬಿಡಿಸಿ ನೋಡಿದೆ. ತುದಿಯವರೆಗೂ ಕೆಂಪು!

ಕೆಂಪಮ್ಮನನ್ನು ನೀಲಿ ಗಂಡಿಗೆ ಜೋಡಿ ಮಾಡಿದಾಗ ಹುಟ್ಟಿದ ಮರಿಗಳೆಲ್ಲ ನೀಲಿ. ನನ್ನ ಎಣಿಕೆ ಸರಿಯಾದರೆ ಅವುಗಳಲ್ಲಿ ಪ್ರತಿಯೊಂದರಲ್ಲೂ ಕೆಂಪು ಅಡಗಿದೆ. ಅವುಗಳಲ್ಲಿ ಒಂದು ಗಂಡು, ಒಂದು ಹೆಣ್ಣು ಈಗಲೂ ಇವೆ. ಎರಡನ್ನೂ ಸಂಘದ ಕಣ್ಣೆದುರು ಒಂದೇ ಗೂಡಿಗೆ ಬಿಟ್ಟು ಬೀಗ ಹಾಕಿಸಿ, ಬರುವ ಮರಿಗಳನ್ನು ಎಲ್ಲರಿಗೂ ತೋರಿಸಬೇಕೆಂದಿದ್ದೇನೆ. ನೀವು ಹೂಂ ಅನ್ನಿ.

ನಿಮ್ಮ
ರಂಜಿನಿ


ಬಳ್ಳಾರಿ
19 ಜುಲೈ 2024

ಶಿವರಂಜಿನಿಯವರಿಗೆ,

ನಿಮ್ಮ ಪುಸ್ತಕದ ಮಾತು ನನಗೆ ಪೂರ್ತಿ ಹತ್ತಲಿಲ್ಲ. ನನಗೆ ಗೊತ್ತಿರುವುದು ಇಷ್ಟು. ಆ ಎರಡು ಮೊಟ್ಟೆಯನ್ನು ಊಟದ ಡಬ್ಬಿಯಲ್ಲಿ ಅರಳೆ ಹಾಸಿ ಇಟ್ಟು, ಡಬ್ಬಿಯನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ನಿಮ್ಮ ಮನೆಗೆ ತಂದೆ. ಸೈಕಲ್ ಹತ್ತಲಿಲ್ಲ, ಅಲುಗಾಡುತ್ತದೆ ಎಂದು ನಡೆದೇ ಬಂದೆ. ನನ್ನ ನೀಲಿ ಗಂಡು ಹೆಣ್ಣು ಬಿಟ್ಟು ಬೇರೆ ಹಕ್ಕಿ ಆ ಗೂಡಿಗೆ ಕಾಲಿಟ್ಟಿರಲಿಲ್ಲ.

ಮರಿಗೆ ಗರಿ ಬಂದ ದಿನ ಚಿದಂಬರ ಅದನ್ನು ಅಂಗೈಲಿಟ್ಟುಕೊಂಡು ಸಂಘದ ಕೋಣೆಗೆ ಬಂದ. “ಇದೇನೋ ಮರಿಯ?” ಅಂದ. ಗೊತ್ತಿಲ್ಲ ಅಂದೆ. ನಿಜವಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂದದ್ದೇ ಕಳ್ಳತನಕ್ಕೆ ಸಾಕ್ಷಿಯಾಯಿತು.

ಪರೀಕ್ಷೆ ಬೇಡ. ಕೆಂಪು ಬರದಿದ್ದರೆ ಅದೇ ಜನರ ಮುಂದೆ ನಾನು ಎರಡನೇ ಸಲ ಕಳ್ಳನಾಗುತ್ತೇನೆ. ನನಗೆ ಎಪ್ಪತ್ತೊಂದು. ಇಲ್ಲಿ ಮಗಳು ವಾಣಿ ನರ್ಸ್ ಕೆಲಸ ಮಾಡುತ್ತಾಳೆ, ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಈ ಊರಿನಲ್ಲಿ ಯಾರೂ ನನ್ನ ಹಿಂದೆ ಮಾತಾಡುವುದಿಲ್ಲ. ಹೀಗೇ ಇರಲಿ ಬಿಡಿ.

ಮರಿಯಣ್ಣ


ಚಾಮರಾಜಪೇಟೆ
25 ಆಗಸ್ಟ್ 2024

ಮಾಮ,

ಇಷ್ಟು ದಿನ ಉತ್ತರ ಬರೆಯದಿದ್ದಕ್ಕೆ ಕಾರಣವಿದೆ. ನಿಮ್ಮ ಕಾಗದ ಕೈಗೆ ಸಿಗುವ ಮೊದಲೇ, ಜುಲೈ ಹದಿನಾಲ್ಕಕ್ಕೆ, ಜೋಡಿ ಗೂಡಿಗೆ ಹೋಗಿಯಾಗಿತ್ತು. ನೀವು ಬೇಡವೆಂದಿದ್ದನ್ನು ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. ಆದರೆ ಅಷ್ಟರಲ್ಲಿ ಲೋಹಿತ್ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದ್ದರು. ಕಾಳು, ನೀರು ತಂತಿಯ ಸಂದಿಯಿಂದಲೇ. ಸಂಘದ ಅಧ್ಯಕ್ಷ ಶಿವರುದ್ರಪ್ಪನವರು ಸಾಕ್ಷಿ ಹಾಕಿದ್ದರು. ಹಿಂದೆ ಸರಿದರೆ ಸೋತಂತೆ ಎಂದು ಸುಮ್ಮನಾದೆ. ನಿಮ್ಮನ್ನು ಕೇಳದೆ ನಿಮ್ಮ ಹೆಸರನ್ನು ಪಣಕ್ಕಿಟ್ಟೆ. ಅದು ನನ್ನ ತಪ್ಪು.

ಮೊದಲ ಎರಡು ಮರಿಗೆ ಗರಿ ಬಂದಿದೆ. ಎರಡೂ ನೀಲಿ.

ಶಿವರುದ್ರಪ್ಪನವರು ತಂತಿಯೊಳಗೆ ಬಗ್ಗಿ ನೋಡಿ, “ನಿಮ್ಮಪ್ಪ ಹೇಳಿದ್ದೇ ಸರಿ ಬಿಡಮ್ಮ. ಅವ್ರ ಕಣ್ಣು ಸುಳ್ಳು ಹೇಳ್ತಿರ್ಲಿಲ್ಲ” ಎಂದರು. ನಾಲ್ಕಕ್ಕೆ ಒಂದು ಎಂದರೆ ಮೊದಲ ಎರಡರಲ್ಲೇ ಬರಬೇಕೆಂದಿಲ್ಲ ಎಂದೆ. “ನೋಡೋಣ, ನೋಡೋಣ” ಎಂದು ಮೆಟ್ಟಿಲಿಳಿದರು.

ನನ್ನನ್ನು ಬಯ್ಯಿರಿ. ಆದರೆ ಬರೆಯುವುದು ಬಿಡಬೇಡಿ.

ರಂಜಿನಿ


ಬಳ್ಳಾರಿ
12 ಅಕ್ಟೋಬರ್ 2024

ರಂಜಿನಿ,

ನಾನು ಸಿಟ್ಟಿನಲ್ಲಿ ಒಂದು ತಿಂಗಳು ಕಾಗದ ಮುಟ್ಟಲಿಲ್ಲ. ಸಿಟ್ಟು ಇಳಿದ ಮೇಲೆ ನಿನ್ನ ಕಾಗದಕ್ಕೆ ಕಾದೆ. ಅಂಚೆಯವನು ಬರುವ ಹೊತ್ತಿಗೆ ಬಾಗಿಲಲ್ಲಿ ಕೂತಿರುತ್ತೇನೆ ಎಂದು ವಾಣಿ ನಗುತ್ತಾಳೆ. ನಿನ್ನಿಂದ ಏನೂ ಬರಲಿಲ್ಲ. ಹಾಗಾದರೆ ಎರಡನೇ ಸಲವೂ ನೀಲಿಯೇ ಎಂದು ತಿಳಿದುಕೊಂಡೆ. ನನಗೆ ನೋವಾಗುತ್ತದೆ ಎಂದು ಮುಚ್ಚಿಟ್ಟಿದ್ದೀಯ. ಅಲ್ಲವಾ?

ಮುಚ್ಚಿಡಬೇಡ. ನಾಲ್ಕು ನೀಲಿ ಬಂದರೆ ನಾಲ್ಕು ನೀಲಿ. ನಾನು ಐವತ್ತು ವರ್ಷ ಹಕ್ಕಿ ಸಾಕಿದವನು. ಮೊದಲ ಆರು ಮರಿ ದಾರಿ ತಪ್ಪಿದ ಜೋಡಿಯ ಏಳನೇ ಮರಿ ಪಂದ್ಯ ಹೊಡೆದದ್ದನ್ನು ನೋಡಿದ್ದೇನೆ. ಜೋಡಿಯನ್ನು ಬದಲಾಯಿಸಬೇಡ. ಯಾರು ಏನೇ ಅಂದರೂ ಬೀಗ ತೆಗೆಸಬೇಡ. ಹೆಣ್ಣು ಎರಡು ಸಲ ಮರಿ ಮಾಡಿ ಸೊರಗಿರುತ್ತದೆ. ಮೊಟ್ಟೆಯ ಚಿಪ್ಪು ಒಣಗಿಸಿ ಪುಡಿ ಮಾಡಿ ಕಾಳಿನ ಜೊತೆ ಹಾಕು. ಹೆಸರುಕಾಳು ಸ್ವಲ್ಪ ಜಾಸ್ತಿ ಇರಲಿ.

ನಿಮ್ಮಪ್ಪನ ಮಗಳಾಗಿಯೂ ನೀನು ನನ್ನ ಮಾತು ನಂಬಿದೆ. ಕೆಂಪು ಬರಲಿ ಬಿಡಲಿ, ಅದು ನನಗೆ ಸಿಕ್ಕಾಯಿತು.

ಮಾಮ


ಚಾಮರಾಜಪೇಟೆ
4 ನವೆಂಬರ್ 2024

ಮಾಮ, ಮಾಮ, ಮಾಮ!

ಕೆಂಪು ಬಂತು.

ಹೌದು, ಎರಡನೇ ಸಲವೂ ನೀಲಿಯೇ ಆಗಿತ್ತು. ನೀವು ಊಹಿಸಿದಂತೆಯೇ ನಾನು ಮುಚ್ಚಿಟ್ಟೆ. ಮೂರನೇ ಸಲದ ಮರಿಗಳು ಅಕ್ಟೋಬರ್ ಇಪ್ಪತ್ಮೂರಕ್ಕೆ ಹೊರಬಂದವು. ಗರಿಯ ಮುಳ್ಳು ಒಡೆಯುವವರೆಗೆ ದಿನಾ ಬೆಳಿಗ್ಗೆ ತಂತಿಗೆ ಮೂಗು ಒತ್ತಿ ನೋಡುತ್ತಿದ್ದೆ. ಶನಿವಾರ ಒಂದು ಮರಿಯ ರೆಕ್ಕೆಯಲ್ಲಿ ಕಬ್ಬಿಣದಂಥ ನೀಲಿ ಬಣ್ಣ ಕಂಡಿತು. ಇನ್ನೊಂದರಲ್ಲಿ ಇಟ್ಟಿಗೆಯ ಬಣ್ಣ. ನನ್ನ ಕಣ್ಣನ್ನೇ ನಂಬದೆ ಅಮ್ಮನನ್ನು ಕೂಗಿದೆ. ತಾರಸಿ ಹತ್ತುವುದಿಲ್ಲ ಎಂದು ಶಪಥ ಮಾಡಿದವರಂತೆ ಇದ್ದ ಅಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿ ಬಂದರು.

“ಕೆಂಪೇ ಕಣೆ! ಕೆಂಪಮ್ಮನ ಮೊಮ್ಮಗು!”

ನಿನ್ನೆ ಭಾನುವಾರ ಸಂಘದವರೆಲ್ಲ ಬಂದರು. ಹದಿನಾಲ್ಕು ಜನ ನಮ್ಮ ಕಿರಿದಾದ ಮೆಟ್ಟಿಲಲ್ಲಿ ಒಬ್ಬರ ಹಿಂದೊಬ್ಬರು. ಲೋಹಿತ್ ಮೊದಲು ಮುದ್ರೆ ತೋರಿಸಿದರು, ಒಡೆದಿರಲಿಲ್ಲ. ಆಮೇಲೆ ಬೀಗ ತೆಗೆದು ಮರಿಯನ್ನು ಶಿವರುದ್ರಪ್ಪನವರ ಕೈಗೆ ಕೊಟ್ಟರು. ಅವರು ಅದರ ಮೊಳೆಯುತ್ತಿದ್ದ ಬಾಲವನ್ನು ಬೆರಳಲ್ಲಿ ಬಿಡಿಸಿದರು, ಗೂಡಿನಲ್ಲಿದ್ದ ನೀಲಿ ಗಂಡನ್ನು ನೋಡಿದರು, ನೀಲಿ ಹೆಣ್ಣನ್ನು ನೋಡಿದರು.

“ತಪ್ಪಾಗೋಯ್ತಲ್ಲಮ್ಮ,” ಎಂದರು. “ಹನ್ನೆರಡು ವರ್ಷ! ಅವತ್ತು ಹೊರಗೆ ಹಾಕಿ ಅಂತ ಮೊದ್ಲು ಕೈ ಎತ್ತಿದವ್ನೇ ನಾನು.”

ಅಲ್ಲೇ, ನೀರಿನ ಟ್ಯಾಂಕಿನ ನೆರಳಲ್ಲಿ, ಸಭೆ ಸೇರಿತು. ನಿಮ್ಮ ಮೇಲಿನ ತೀರ್ಮಾನವನ್ನು ರದ್ದು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆದರು. ಹದಿನಾಲ್ಕು ಜನರ ಸಹಿ ಇದೆ. ಪ್ರತಿ ಇದರ ಜೊತೆಗಿದೆ. ‘ಮರಿಯಣ್ಣನವರು ಕೊಟ್ಟ ಮೊಟ್ಟೆ ಅವರ ನೀಲಿ ಜೋಡಿಯದಲ್ಲ ಎನ್ನಲು ಆಧಾರವಿರಲಿಲ್ಲ, ಸಂಘ ಅವರ ಕ್ಷಮೆ ಕೇಳುತ್ತದೆ’ ಎಂಬ ಸಾಲನ್ನು ಶಿವರುದ್ರಪ್ಪನವರೇ ಸೇರಿಸಿದರು.

ಇನ್ನೊಂದು ವಿಷಯ ಜುಲೈನಿಂದ ನಿಮಗೆ ಹೇಳದೆ ಇಟ್ಟುಕೊಂಡಿದ್ದೇನೆ. ಈ ಅಣ್ಣ ತಂಗಿ ಹಕ್ಕಿಗಳ ಪುಟದಲ್ಲಿ ಅಪ್ಪ 2018ರಲ್ಲಿ ಹೀಗೆ ಬರೆದಿದ್ದಾರೆ: ‘ಇವೆರಡನ್ನು ಜೋಡಿ ಮಾಡಬಾರದು.’ ಕೆಳಗೆ ಎರಡು ಗೆರೆ. ಒಂದೇ ರಕ್ತ ಎಂದು ಬೇಡವೆಂದಿರಬೇಕು ಎಂದುಕೊಂಡೆ. ಆದರೆ ಬೇರೆ ತಳಿಗಳಲ್ಲಿ ಅಪ್ಪ ಅಣ್ಣ ತಂಗಿಯನ್ನು ಎಷ್ಟೋ ಸಲ ಜೋಡಿ ಮಾಡಿದ್ದಾರೆ. ಕೆಂಪಮ್ಮನ ಮರಿಗಳೆಲ್ಲ ನೀಲಿಯಾದದ್ದನ್ನು ಕಂಡು, ಈ ಕೆಂಪು ಅಡಗಿ ಕೂರುವಂಥದ್ದೇನೋ ಎಂದು ಅವರಿಗೆ ಅನುಮಾನ ಹುಟ್ಟಿತ್ತು, ಮಾಮ. ಕೆಂಪು ಹುಟ್ಟಿಬಿಟ್ಟರೆ ಎಂದು ಹೆದರಿದರು. ಇದನ್ನು ಹೇಳಿದರೆ ನೀವು ಅಪ್ಪನನ್ನು ಇನ್ನಷ್ಟು ದ್ವೇಷಿಸುತ್ತೀರಿ ಎಂದು ನಾನು ಹೆದರಿದೆ. ಈಗ ಹೇಳಿದ್ದೇನೆ.

ರಂಜಿನಿ


ಬಳ್ಳಾರಿ
15 ನವೆಂಬರ್ 2024

ನನ್ನ ರಂಜಿನಿ,

ಹದಿನಾಲ್ಕು ಸಹಿಯನ್ನೂ ಒಂದೊಂದಾಗಿ ಓದಿದೆ. ವಾಣಿಗೆ ಓದಲು ಕೊಟ್ಟೆ. ಅವಳು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ಅಲ್ಲಿ ಎಲ್ಲರಿಗೂ ತೋರಿಸಿದಳು. ಸಂಜೆ ಮೈಸೂರು ಪಾಕು ತಂದು ಬೀದಿಗೆಲ್ಲ ಹಂಚಿದಳು. ಕೇಳಿದವರಿಗೆ “ನಮ್ಮಪ್ಪ ಗೆದ್ರು” ಎನ್ನುತ್ತಿದ್ದಳಂತೆ.

ನಿಮ್ಮಪ್ಪನ ಮಾತಿಗೆ ಬರುತ್ತೇನೆ. ಆ ಎರಡು ಗೆರೆಯ ಸುದ್ದಿ ಓದಿದಾಗ ಮೈ ಉರಿಯಿತು, ಸುಳ್ಳು ಹೇಳುವುದಿಲ್ಲ. ಆರು ವರ್ಷ ಅನುಮಾನ ಇಟ್ಟುಕೊಂಡೂ ಒಂದು ಸಾಲು ಬರೆಯಲಿಲ್ಲ. ಆಮೇಲೆ ಯೋಚನೆ ಮಾಡಿದೆ. ನನ್ನನ್ನು ಕಳ್ಳ ಎಂದವನು ಕಳ್ಳಮಾಲನ್ನು ಹನ್ನೆರಡು ವರ್ಷ ಯಾಕೆ ಸಾಕಿದ? ಪಂದ್ಯಕ್ಕೆ ಬಿಡದ ಹಕ್ಕಿಯನ್ನು ನಾವ್ಯಾರೂ ಎರಡು ವರ್ಷ ಇಟ್ಟುಕೊಳ್ಳುವುದಿಲ್ಲ. ಚಿದಂಬರ ಅದಕ್ಕೆ ದಿನಾ ಕಾಳು ಹಾಕಿದ. ಬಾಯಲ್ಲಿ ಹೇಳಲಾಗದ ಮನುಷ್ಯ ಅವನು. ಮೊದಲಿಂದಲೂ ಹಾಗೇ. ನನಗೆ ಅವನ ಮೇಲೆ ದ್ವೇಷವಿಲ್ಲ. ಇದ್ದದ್ದು ಮುಗಿಯಿತು.

ಈಗ ಆ ಕೆಂಪು ಮರಿಯನ್ನು ಗೂಡಿನಲ್ಲಿ ಕೂರಿಸಿ ನೋಡುತ್ತಾ ಇರಬೇಡ. ಮೂವತ್ತೈದು ದಿನಕ್ಕೆ ತಾರಸಿಗೆ ಬಿಡು. ಜನವರಿಯಿಂದ ದೂರ ಒಯ್ದು ಹಾರಿಸು. ಮೊದಲು ಯಲಹಂಕ, ಆಮೇಲೆ ದೊಡ್ಡಬಳ್ಳಾಪುರ, ಆಮೇಲೆ ಹಿಂದೂಪುರ. ಹೊಟ್ಟೆ ತುಂಬಿದ ಹಕ್ಕಿ ಮನೆಗೆ ಅವಸರ ಮಾಡುವುದಿಲ್ಲ. ಅರೆಹೊಟ್ಟೆಯಲ್ಲಿ ಬಿಡು.

ಮಾಮ


ಬಳ್ಳಾರಿ
9 ಮಾರ್ಚ್ 2025, ಬೆಳಿಗ್ಗೆ ಏಳು ಗಂಟೆ

ರಂಜಿನಿ,

ಲಾರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಊರಾಚೆಯ ಮೈದಾನ. ಇಲ್ಲಿಂದ ಬೆಂಗಳೂರಿಗೆ ಹಾರುವ ಪಂದ್ಯಕ್ಕೆ ನಿಮ್ಮ ಸಂಘದ ಲಾರಿ ನಸುಕಿಗೇ ಬಂತು. ನೂರ ನಲವತ್ತು ಹಕ್ಕಿ. ಶಿವರುದ್ರಪ್ಪ ತಾನೇ ಜೊತೆಯಲ್ಲಿ ಬಂದಿದ್ದ. ನನ್ನ ಎರಡೂ ಕೈ ಹಿಡಿದು ಏನೇನೋ ಹೇಳಿದ. ನನಗೆ ಕೇಳಿಸಲಿಲ್ಲ, ಆದರೆ ಅವನ ಕಣ್ಣು ಒದ್ದೆಯಾಗಿತ್ತು. ಆಮೇಲೆ ಪೆಟ್ಟಿಗೆಗಳ ಬಾಗಿಲನ್ನೆಲ್ಲ ಒಟ್ಟಿಗೆ ತೆರೆಯುವ ಸನ್ನೆಗೋಲನ್ನು ನನ್ನ ಕೈಗೆ ಕೊಟ್ಟು, ನೀನೇ ಬಿಡು ಎಂದು ಸನ್ನೆ ಮಾಡಿದ.

ಆರೂ ನಲವತ್ತಕ್ಕೆ ಎಳೆದೆ. ರೆಕ್ಕೆಯ ಸದ್ದು ನನಗೆ ಕೇಳುವುದಿಲ್ಲ. ಆದರೆ ನೂರ ನಲವತ್ತು ಹಕ್ಕಿ ಒಟ್ಟಿಗೆ ಎದ್ದಾಗ ಮುಖಕ್ಕೆ ಗಾಳಿ ಹೊಡೆಯಿತು. ವಾಣಿ ನನ್ನ ತೋಳು ಹಿಡಿದು ಕುಣಿದಳು. ಒಂದು ಸುತ್ತು ಹಾಕಿದವು. ಎಲ್ಲವೂ ನೀಲಿ, ನಡುವೆ ಒಂದೇ ಒಂದು ಕೆಂಪು. ಬಿಸಿಲು ತಾಗಿ ಹೊಳೆಯಿತು. ಮಿಕ್ಕವು ಎರಡನೇ ಸುತ್ತಿಗೆ ತಿರುಗಿದವು. ಅದು ತಿರುಗಲಿಲ್ಲ, ನೇರ ದಕ್ಷಿಣಕ್ಕೆ ಹೊರಟಿತು.

ಗಾಳಿ ಹಿಂದಿನಿಂದಿದೆ. ಆಕಾಶ ಶುಭ್ರವಾಗಿದೆ. ಈ ಕಾಗದ ನಿನಗೆ ಮುಟ್ಟುವ ಹೊತ್ತಿಗೆ ನಿನಗೆ ಎಲ್ಲ ಗೊತ್ತಾಗಿರುತ್ತದೆ. ನನಗೆ ಬೇಗ ಬರೆ.

ಮಾಮ


ಚಾಮರಾಜಪೇಟೆ
9 ಮಾರ್ಚ್ 2025, ರಾತ್ರಿ ಎಂಟು ಗಂಟೆ

ಮಾಮ,

ಲೋಹಿತ್ ಇಷ್ಟು ಹೊತ್ತಿಗೆ ವಾಣಿಯಕ್ಕನಿಗೆ ಫೋನ್ ಮಾಡಿ ಹೇಳಿರುತ್ತಾರೆ. ಆದರೂ ನಾನು ಬರೆಯುವುದನ್ನು ನೀವು ಓದಬೇಕು.

ಒಂಬತ್ತರಿಂದ ತಾರಸಿಯಲ್ಲಿ ನಿಂತಿದ್ದೆವು, ನಾನು ಮತ್ತು ಅಮ್ಮ. ಹತ್ತೂ ಹದಿನೆಂಟಕ್ಕೆ ಕೋಟೆಯ ಕಡೆಯಿಂದ ಒಂದು ಚುಕ್ಕೆ ಬಂತು. ಹದ್ದು ಎಂದುಕೊಂಡೆ. ಅದು ರೆಕ್ಕೆ ಮಡಚಿ ಕಲ್ಲಿನಂತೆ ಬಿತ್ತು, ನಮ್ಮ ತಲೆಯ ಮೇಲೆ ಬಂದು ರೆಕ್ಕೆ ಬಿಚ್ಚಿತು. ಕೆಂಪು! ಪಕ್ಕದ ಮನೆಯ ಅಂಬುಜಮ್ಮ ಅವರ ತಾರಸಿಯಿಂದಲೇ ಚಪ್ಪಾಳೆ ತಟ್ಟಿದರು.

ಆದರೆ ಅದು ಗೂಡಿಗೆ ಇಳಿಯಲಿಲ್ಲ. ನೀರಿನ ಟ್ಯಾಂಕಿನ ಮೇಲೆ ಕೂತು ಗರಿ ಸರಿಮಾಡಿಕೊಳ್ಳತೊಡಗಿತು. ಕಾಲಿನ ಉಂಗುರ ಬಿಚ್ಚಿ, ಹೊತ್ತು ಗುರುತಿಸುವ ಗಡಿಯಾರದ ಪೆಟ್ಟಿಗೆಗೆ ಹಾಕುವವರೆಗೆ ಬಂದದ್ದು ಲೆಕ್ಕವಿಲ್ಲ, ನಿಮಗೆ ಗೊತ್ತು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ನನಗೆ ಅಳು ಬಂತು. ಆಗ ಅಮ್ಮ ಜೋಳದ ಡಬ್ಬಿ ಎತ್ತಿಕೊಂಡು ಅಲ್ಲಾಡಿಸಿದರು. “ಬಾ ನನ್ ತಾಯಿ, ಬಂದ್ಬಿಡು. ಎಷ್ಟು ದೂರದಿಂದ ಬಂದಿದೀಯ, ಉಣ್ಣು ಬಾ.” ಅದು ಕತ್ತು ಓರೆ ಮಾಡಿ ನೋಡಿ, ಟಣ್ಣನೆ ಹಾರಿ ಅಮ್ಮನ ಭುಜದ ಮೇಲೆ ಕೂತಿತು. ಹತ್ತೂ ಇಪ್ಪತ್ತೊಂದಕ್ಕೆ ಉಂಗುರ ಪೆಟ್ಟಿಗೆಯಲ್ಲಿತ್ತು.

ಸಂಜೆ ವಿಶ್ವೇಶ್ವರಪುರಂನ ಸಂಘದ ಕೋಣೆಯಲ್ಲಿ ಎಲ್ಲ ಗಡಿಯಾರ ತೆರೆದರು. ನಮ್ಮದು ಮೊದಲು, ಮಾಮ! ಎರಡನೆಯದಕ್ಕಿಂತ ಒಂಬತ್ತು ನಿಮಿಷ ಮುಂದೆ. ಅಪ್ಪ ಮೂವತ್ತು ವರ್ಷ ಹಾರಿಸಿಯೂ ಬಳ್ಳಾರಿ ಪಂದ್ಯ ಗೆದ್ದಿರಲಿಲ್ಲ. ಅಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ನಕ್ಕರು, ಅತ್ತರು, ಮತ್ತೆ ನಕ್ಕರು.

ಗೆದ್ದ ಹಕ್ಕಿಯ ವಿವರವನ್ನು ಗೋಡೆಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆಯುತ್ತಾರಲ್ಲ. ಆಗಷ್ಟೇ ಬಳ್ಳಾರಿಯಿಂದ ವಾಪಸ್ ಬಂದಿಳಿದಿದ್ದ ಶಿವರುದ್ರಪ್ಪನವರು ಬಟ್ಟೆಯನ್ನೂ ಬದಲಿಸದೆ ತಾವೇ ಕುಂಚ ಹಿಡಿದು ಕುರ್ಚಿ ಹತ್ತಿದರು. ಹಕ್ಕಿ, ಕೆಂಪು. ಗೂಡು, ಶಿವರಂಜಿನಿ. ಇಷ್ಟು ಬರೆದು ತಿರುಗಿದರು.

“ತಳಿ ಯಾರ್ದು ಅಂತ ಬರೀಲಮ್ಮ?”

“ಇಬ್ರದೂ ಬರೀರಿ. ಅಪ್ಪಂದೂ, ಮರಿಯಣ್ಣ ಮಾಮಂದೂ.”

“ಯಾರ ಹೆಸ್ರು ಮೊದ್ಲು?”

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಬೆಂಚಿನಿಂದ ಎದ್ದು ನಿಂತರು.

“ಮರಿಯಣ್ಣಂದು,” ಎಂದರು. “ದೊಡ್ಡಕ್ಷರದಲ್ಲಿ ಬರೀರಿ.”

ನಿಮ್ಮ
ರಂಜಿನಿ